ಲೇತಿಗೊಂದು ಪುಟ್ಟ ಬೈರಿಗೆ: ಡ್ರಿಲ್ಲಿಂಗ್ ಸ್ಪಿಂಡಲ್ ಕಟ್ಟುವಾಗ ಯಾವುದನ್ನು ಆರಿಸಬೇಕು?

ಮನೆಯಲ್ಲಿ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಕೆಲಸ ಎದುರಾಗುತ್ತದೆ. ಲೇತಿನ ಹಿಡಿಕೆಯಾದ ಚಕ್‌ನಲ್ಲಿ ಕಚ್ಚಿಸಿದ ಫ್ಲೇಂಜ್ (ಬೋಲ್ಟ್ ಹಾಕುವ ಚಪ್ಪಟೆ ಬಿಲ್ಲೆ) ಚೆನ್ನಾಗಿ ಟರ್ನ್ ಆಗಿ ಕೂತಿದೆ, ಈಗ ಅದರ ಮುಖದ ಸುತ್ತ ಆರು ತೂತು ಬೇಕು. ಇಲ್ಲವೇ ಒಂದು ಶಾಫ್ಟ್‌ಗೆ ಅಡ್ಡಲಾಗಿ 3 ಮಿ.ಮೀ. ಪಿನ್ ತೂರಬೇಕು. ಬಿಚ್ಚಿ ಡ್ರಿಲ್ ಪ್ರೆಸ್‌ಗೆ ಒಯ್ದಿರೋ, ಅಷ್ಟು ಹೊತ್ತು ಕಾಪಾಡಿಕೊಂಡು ಬಂದ ಸೆಂಟರ್ ಹೋಯಿತು. ಪಂಚ್ ಗುರುತು ಎಷ್ಟೇ ಎಚ್ಚರದಿಂದ ಹೊಡೆದರೂ ಆರು ಬೋಲ್ಟ್‌ಗಳಲ್ಲಿ ಒಂದು ಮುನಿಸಿಕೊಂಡು ನಿಲ್ಲುತ್ತದೆ.

ಕೆಲಸವನ್ನು ಅಲ್ಲಾಡಿಸದೆ ಬೈರಿಗೆಯನ್ನೇ ಅದರ ಬಳಿಗೆ ಕರೆತರುವುದು ಇದಕ್ಕೆ ಪರಿಹಾರ. ಕ್ರಾಸ್ ಸ್ಲೈಡ್ (ಲೇತಿನಲ್ಲಿ ಅಡ್ಡಲಾಗಿ ಸರಿಯುವ ಮೇಜು) ಮೇಲೆ ಕೂರುವ, ತನ್ನದೇ ಮೋಟಾರ್ ಇರುವ ಒಂದು ಪುಟ್ಟ ಸ್ಪಿಂಡಲ್, ಅಂದರೆ ಬಿಟ್ ಹಿಡಿದು ತಿರುಗುವ ಕಡ್ಡಿ. ಲೇತಿನ ಚಕ್ ನಿಂತಿರುತ್ತದೆ, ಇದು ತಿರುಗುತ್ತದೆ.

ಮೊದಲೇ ಒಂದು ಮಾತು. ವರ್ಷಕ್ಕೆ ನಾಲ್ಕು ಅಡ್ಡ ತೂತು ಮಾತ್ರ ಕೊರೆಯುವವರಿಗೆ ಇದರ ಅಗತ್ಯವಿಲ್ಲ. ಟೂಲ್‌ಪೋಸ್ಟ್‌ನಲ್ಲಿ (ಲೇತಿನ ಟೂಲ್ ಹಿಡಿಯುವ ಕಂಬ) ಸೆಂಟರ್ ಎತ್ತರಕ್ಕೆ ಒಂದು ಗಟ್ಟಿ ಬುಷ್ (ದಪ್ಪ ಗೋಡೆಯ ಚಿಕ್ಕ ಕೊಳವೆ) ಕಟ್ಟಿ, ಕೈ ಡ್ರಿಲ್‌ನ ಬಿಟ್ ಅದರೊಳಗೆ ತೂರಿಸಿದರೆ ಸಾಕು. ಬುಷ್ ದಾರಿ ತೋರಿಸುತ್ತದೆ, ಕೈ ಡ್ರಿಲ್ ತಿರುಗಿಸುವುದಷ್ಟೇ. ಒಂದೇ ಅಳತೆಯ ಬಿಟ್‌ಗೆ ಒಂದೇ ಬುಷ್ ಎಂಬ ಕಟ್ಟುಪಾಡು ಇದ್ದರೂ ಅರ್ಧ ಗಂಟೆಯಲ್ಲಿ ಮುಗಿಯುವ ಉಪಾಯವಿದು. ಇದು ಸಾಲದು ಅನ್ನಿಸಿದ ಮೇಲೆ ಮುಂದಕ್ಕೆ ಓದಿ.

ತೂತು ಎಷ್ಟು ದೊಡ್ಡದು?

ಬಹಳಷ್ಟು ಜನ ಮೋಟಾರ್‌ನಿಂದ ಶುರು ಮಾಡುತ್ತಾರೆ. ಡ್ರಾಯರಿನಲ್ಲಿ ಯಾವುದೋ ಹಳೆಯ ಮೋಟಾರ್ ಬಿದ್ದಿರುತ್ತದೆ, ಅದಕ್ಕೊಂದು ಸ್ಪಿಂಡಲ್ ಹೊಂದಿಸುತ್ತಾರೆ. ನಾನೂ ಹಾಗೇ ಮಾಡಿದೆ, ಮೊದಲ ಸ್ಪಿಂಡಲ್ ಗುಜರಿ ಸೇರಿತು. ತೂತಿನ ಅಳತೆ ಮೊದಲು ನಿರ್ಧಾರವಾಗಬೇಕು, ಅದರಿಂದ ವೇಗ, ಆಮೇಲೆ ಟಾರ್ಕ್, ಅಂದರೆ ತಿರುಗಿಸುವ ಬಲ. ಮೋಟಾರ್ ಕಟ್ಟಕಡೆಗೆ.

ವೇಗದ ಲೆಕ್ಕ ಸುಲಭ. ಕತ್ತರಿಸುವ ವೇಗವನ್ನು ನಿಮಿಷಕ್ಕೆ ಮೀಟರ್‌ನಲ್ಲಿ ತೆಗೆದುಕೊಂಡು 1000ದಿಂದ ಗುಣಿಸಿ, ಬಂದದ್ದನ್ನು ಪೈ ಮತ್ತು ಬಿಟ್‌ನ ವ್ಯಾಸದ ಗುಣಲಬ್ಧದಿಂದ ಭಾಗಿಸಿ. ಮೃದು ಉಕ್ಕಿಗೆ ಹೈಸ್ಪೀಡ್ ಸ್ಟೀಲ್ ಬಿಟ್ ಆದರೆ 25 ಮೀಟರ್ ಹಿಡಿಯಬಹುದು. 1 ಮಿ.ಮೀ. ಬಿಟ್‌ಗೆ ಸುಮಾರು 8000 ಆರ್‌ಪಿಎಂ, 3 ಮಿ.ಮೀ.ಗೆ 2650, 6 ಮಿ.ಮೀ.ಗೆ 1300. ಹಿತ್ತಾಳೆ, ಅಲ್ಯೂಮಿನಿಯಂಗಳಿಗೆ ಇದರ ಎರಡು ಪಟ್ಟು ಮೀರಿ ಹೋಗಬಹುದು.

ಟಾರ್ಕ್ ಇದಕ್ಕೆ ತಿರುಗಾಮುರುಗ. 3 ಮಿ.ಮೀ. ಬಿಟ್ ಒಂದು ಸುತ್ತಿಗೆ 0.05 ಮಿ.ಮೀ. ಒಳಗೆ ಹೋಗುತ್ತಿದ್ದರೆ ಉಕ್ಕಿನಲ್ಲಿ ಬೇಕಾಗುವುದು ಸುಮಾರು 0.17 ನ್ಯೂಟನ್ ಮೀಟರ್, ಅಂದರೆ 50 ವ್ಯಾಟ್‌ಗಿಂತ ಕಡಿಮೆ ಶಕ್ತಿ. ಅದೇ 6 ಮಿ.ಮೀ. ಬಿಟ್ ಸುತ್ತಿಗೆ 0.1 ಮಿ.ಮೀ. ಹೋದರೆ 1.35 ನ್ಯೂಟನ್ ಮೀಟರ್, 180 ವ್ಯಾಟ್‌ನ ಆಸುಪಾಸು. ವ್ಯಾಸವೂ ಸುತ್ತಿಗೆ ಒಳಹೋಗುವ ಅಳತೆಯೂ ಎರಡು ಪಟ್ಟಾದರೆ ಟಾರ್ಕ್ ಎಂಟು ಪಟ್ಟು! ಇದು ಚೂಪಾದ ಬಿಟ್‌ನ ಲೆಕ್ಕ. ಮೊಂಡು ಬಿಟ್ ಇನ್ನೂ ಹೆಚ್ಚು ಕೇಳುತ್ತದೆ.

1 ಮಿ.ಮೀ.ಯಿಂದ 10 ಮಿ.ಮೀ. ತನಕ ಎಲ್ಲವನ್ನೂ ಒಂದೇ ಸ್ಪಿಂಡಲ್ ಮಾಡಬೇಕೆಂದರೆ ಅದು ಲೇತಿಗೆ ಮೂಗಿಗಿಂತ ಮೂಗುತಿ ಭಾರ ಅನ್ನುವಂತಾಗುತ್ತದೆ. ನನ್ನ ಶಿಫಾರಸು 1ರಿಂದ 4 ಮಿ.ಮೀ. ತನಕದ ಸ್ಪಿಂಡಲ್, ಹಿತ್ತಾಳೆ ಅಲ್ಯೂಮಿನಿಯಂಗೆ 6ರ ತನಕ. ಅದಕ್ಕಿಂತ ದೊಡ್ಡದು ಬೇಕಾದರೆ ಇಲ್ಲಿ ಗುರುತಿನ ತೂತು ಕೊರೆದು, ಆಮೇಲೆ ಡ್ರಿಲ್ ಪ್ರೆಸ್‌ನಲ್ಲಿ ಹಿಗ್ಗಿಸಿದರಾಯಿತು. ದೊಡ್ಡ ಬಿಟ್ ಚಿಕ್ಕ ತೂತಿನ ದಾರಿ ಹಿಡಿದೇ ಹೋಗುತ್ತದೆ.

ರೆಡಿಮೇಡ್ ಯಂತ್ರವೋ, ಸ್ವಂತ ಸ್ಪಿಂಡಲ್ಲೋ

ಕೈಲಿ ಹಿಡಿಯುವ ರೋಟರಿ ಟೂಲ್ ಅನ್ನು ಒಂದು ಕ್ಲಾಂಪ್‌ನಲ್ಲಿ ಬಿಗಿದು ಟೂಲ್‌ಪೋಸ್ಟ್ ಮೇಲೆ ಕೂರಿಸುವುದು ಎಲ್ಲರಿಗೂ ಹೊಳೆಯುವ ದಾರಿ. ಅದರ ಕೊಲೆಟ್ (ಬಿಟ್ಟನ್ನು ಸುತ್ತಲಿಂದ ಬಿಗಿಯುವ ಸೀಳು ಕೊಳವೆ) 3.2 ಮಿ.ಮೀ.ಗೆ ಮುಗಿಯುತ್ತದೆ, ಮೈ ಪ್ಲಾಸ್ಟಿಕ್, ವೇಗ ಸಾಮಾನ್ಯವಾಗಿ 5000ದಿಂದಲೇ ಆರಂಭ. 1 ಮಿ.ಮೀ. ತೂತಿಗೆ, ಹಿತ್ತಾಳೆಗೆ, ಪ್ಲಾಸ್ಟಿಕ್‌ಗೆ ನಡೆಯುತ್ತದೆ. 3 ಮಿ.ಮೀ. ಬಿಟ್ ಹಾಕಿ ಉಕ್ಕಿಗೆ ಹೋದರೆ ಬಿಟ್‌ನ ತುದಿ ನೀಲಿ ತಿರುಗುತ್ತದೆ. ಮರಗೆಲಸದ ಟ್ರಿಮ್ ರೌಟರ್‌ನ ಮೈ ಗಟ್ಟಿ, ಕೊಲೆಟ್ 6 ಅಥವಾ 8 ಮಿ.ಮೀ., ಆದರೆ 10,000 ಆರ್‌ಪಿಎಂಗಿಂತ ಕೆಳಗಿಳಿಯುವುದು ಅಪರೂಪ. ಗ್ರೈಂಡಿಂಗ್‌ಗೆ ಸರಿ, ಡ್ರಿಲ್ಲಿಂಗ್‌ಗೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಪುಟ್ಟ ಸಿಎನ್‌ಸಿ ರೌಟರ್‌ಗಳಿಗೆಂದು ಮಾರುವ 52 ಮಿ.ಮೀ. ವ್ಯಾಸದ 500 ವ್ಯಾಟ್ ಡಿಸಿ ಸ್ಪಿಂಡಲ್ ಇನ್ನೊಂದು ಆಸೆ ಹುಟ್ಟಿಸುವ ವಸ್ತು. ಇಆರ್11 ಎಂಬ ಅಳತೆಯ ಕೊಲೆಟ್ ಜೊತೆಗೇ ಬರುತ್ತದೆ, ವೇಗ ಸೊನ್ನೆಯಿಂದ 12,000 ತನಕ. 500 ವ್ಯಾಟ್ ಎಂಬ ಸಂಖ್ಯೆಯಲ್ಲೇ ಜನ ಮೋಸ ಹೋಗುತ್ತಾರೆ. ಆ ಶಕ್ತಿ ಬರುವುದು 12,000 ಆರ್‌ಪಿಎಂನಲ್ಲಿ, ಅಲ್ಲಿ ಟಾರ್ಕ್ 0.4 ನ್ಯೂಟನ್ ಮೀಟರ್ ಮಾತ್ರ. ವೇಗ ಇಳಿಸಿದರೆ ಶಕ್ತಿಯೂ ಇಳಿಯುತ್ತದೆ, ಟಾರ್ಕ್ ಏರುವುದಿಲ್ಲ. ಶಾಫ್ಟ್‌ಗೆ ಸಿಕ್ಕಿಸಿದ ಫ್ಯಾನ್ ಕೂಡ ನಿಧಾನವಾಗಿ, ಮೋಟಾರ್ ಬಿಸಿಯಾಗುತ್ತದೆ. ಮೇಲಿನ ಲೆಕ್ಕ ನೋಡಿದರೆ ಉಕ್ಕಿನಲ್ಲಿ 3 ಮಿ.ಮೀ. ಆರಾಮ, 4 ಗಡಿ, 6 ಆಗದ ಮಾತು. ಆದರೂ ತಯಾರಾಗಿ ಸಿಗುವುದೇ ಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಒಂದು ದಪ್ಪ ಕ್ಲಾಂಪ್ ಮಾಡಿದರೆ ಒಂದು ಭಾನುವಾರದಲ್ಲಿ ಕೆಲಸ ಮುಗಿಯಿತು.

ಬ್ಯಾಟರಿ ಡ್ರಿಲ್‌ನ ಮುಂಭಾಗವನ್ನೇ ಸ್ಪಿಂಡಲ್ ಮಾಡಿಕೊಳ್ಳುವ ಯೋಚನೆ ಬಿಡಿ. ಚಕ್ ಹಿಡಿದು ಅಲ್ಲಾಡಿಸಿ ನೋಡಿ, ಏಕೆಂದು ಗೊತ್ತಾಗುತ್ತದೆ.

ಸ್ವಂತ ಸ್ಪಿಂಡಲ್ ಕಟ್ಟಿ ಬೆಲ್ಟ್‌ನಿಂದ ಓಡಿಸಿದರೆ ವೇಗವನ್ನೂ ಟಾರ್ಕನ್ನೂ ಪುಲ್ಲಿಯ ಅನುಪಾತದಲ್ಲಿ ಅದಲುಬದಲು ಮಾಡಿಕೊಳ್ಳಬಹುದು. 12,000 ಆರ್‌ಪಿಎಂ ಮೋಟಾರನ್ನು ನಾಲ್ಕಕ್ಕೊಂದು ಇಳಿಸಿದರೆ 3000 ಆರ್‌ಪಿಎಂ ಸಿಗುತ್ತದೆ, ಆ 0.4 ನ್ಯೂಟನ್ ಮೀಟರ್ 1.6 ಆಗುತ್ತದೆ. ಅದೇ ಮೋಟಾರ್, ಈಗ 6 ಮಿ.ಮೀ. ಬಿಟ್‌ಗೂ ಹೆದರುವುದಿಲ್ಲ.

ಸ್ಪಿಂಡಲ್‌ನ ಕಡ್ಡಿ ಮತ್ತು ಹಿಡಿತ

ಡ್ರಿಲ್ ಚಕ್ ಅಥವಾ ಕೊಲೆಟ್? ಚಕ್ ಉದ್ದ, ಭಾರ, ಮತ್ತು ಸಾಧಾರಣ ಚಕ್‌ನಲ್ಲಿ ಬಿಟ್‌ನ ತುದಿ 0.1 ಮಿ.ಮೀ. ಓಲಾಡುವುದು ಮಾಮೂಲು. 1 ಮಿ.ಮೀ. ಬಿಟ್‌ಗೆ ಅಷ್ಟು ಓಲಾಟ ಎಂದರೆ ಮರಣದಂಡನೆ. ಕೊಲೆಟ್ ಹಾಕಿ. ಇಆರ್11 ಹಿಡಿತ 7 ಮಿ.ಮೀ. ತನಕ, ಇಆರ್16 10ರ ತನಕ, ಇಆರ್20 13ರ ತನಕ. ಕೊಲೆಟನ್ನು ಮೊದಲು ನಟ್‌ನೊಳಗೆ ಓರೆಯಾಗಿ ತೂರಿ ಕ್ಲಿಕ್ ಅನ್ನಿಸಿ, ಆಮೇಲೆ ಸ್ಪಿಂಡಲ್‌ಗೆ ಹಾಕಬೇಕು. ಬರಿಯ ಕೊಲೆಟನ್ನು ಸ್ಪಿಂಡಲ್‌ಗೆ ಹಾಕಿ ಮೇಲೆ ನಟ್ ತಿರುಗಿಸಿದರೆ ಕೊಲೆಟ್ ಓರೆಯಾಗಿ ಕೂರುತ್ತದೆ, ಬಿಚ್ಚುವಾಗ ಒಳಗೇ ಸಿಕ್ಕಿಕೊಳ್ಳುತ್ತದೆ.

ಇಆರ್ ಕೊಲೆಟ್ ಕೂರುವ ಓರೆ ಬಾಯಿಯನ್ನು (ಟೇಪರ್), ಪಕ್ಕಕ್ಕೆ 8 ಡಿಗ್ರಿ, ನೀವೇ ಲೇತಿನಲ್ಲಿ ಕಡೆಯಬಹುದು. ಕಾಂಪೌಂಡ್ (ಕ್ರಾಸ್ ಸ್ಲೈಡ್ ಮೇಲಿನ, ಓರೆಯಾಗಿ ತಿರುಗಿಸಬಹುದಾದ ಚಿಕ್ಕ ಸ್ಲೈಡ್) ಹೊಂದಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ, ಆದರೆ ಆ ಕೆಲಸದಲ್ಲಿ ಒಂದು ಸುಖವಿದೆ. ಸುಲಭದ ದಾರಿ ಬೇಕಾದರೆ ನೇರ ಶ್ಯಾಂಕ್ ಇರುವ ಕೊಲೆಟ್ ಚಕ್ ತನ್ನಿ. ಉದ್ದನೆಯ ಗ್ರೈಂಡ್ ಮಾಡಿದ ಕಡ್ಡಿ, ತುದಿಯಲ್ಲಿ ಕೊಲೆಟ್ ಬಾಯಿ. ಅದೇ ನಿಮ್ಮ ಸ್ಪಿಂಡಲ್. ಒಂದು ಎಚ್ಚರಿಕೆ: ಎಲ್ಲ ಶ್ಯಾಂಕೂ ಬೇರಿಂಗ್‌ಗೆ ಹೊಂದುವುದಿಲ್ಲ. 12 ಮಿ.ಮೀ. ಶ್ಯಾಂಕಿನ ಇಆರ್11 ನೇರವಾಗಿ 6001 ಎಂಬ ಅಳತೆ ಸಂಖ್ಯೆಯ ಬೇರಿಂಗ್‌ನೊಳಗೆ ಹೋಗುತ್ತದೆ. 20 ಮಿ.ಮೀ. ಶ್ಯಾಂಕಿನ ಇಆರ್20 ಹೋಗುವುದು 6004ರೊಳಕ್ಕೆ. ಎಲ್ಲರೂ ಇಷ್ಟಪಡುವ 16 ಮಿ.ಮೀ. ಶ್ಯಾಂಕಿನ ಇಆರ್16 ಮಾತ್ರ ತ್ರಿಶಂಕು. 6002ರ ತೂತು 15, 6003ರದ್ದು 17. ಶ್ಯಾಂಕನ್ನು 15ಕ್ಕೆ ಇಳಿಸಬೇಕು, ಅದು ಹದಗೊಳಿಸಿದ ಉಕ್ಕಾಗಿದ್ದರೆ ಕಾರ್ಬೈಡ್ ಟೂಲ್ ಬೇಕು, ತಿರುಗಿಸುವಾಗ ಮೂಲದ ನಿಖರತೆ ಉಳಿಸಿಕೊಳ್ಳಬೇಕು. ನಾನಾದರೆ 12 ಮಿ.ಮೀ.ನದ್ದನ್ನೇ ತರುತ್ತೇನೆ.

ಬೇರಿಂಗ್: ಇಲ್ಲಿ ಸ್ವಲ್ಪ ನಿಲ್ಲೋಣ

ಬುಷ್ ಬೇರಿಂಗ್ ಸದ್ದಿಲ್ಲದ್ದು, ಸಪೂರ, ಧೂಳಿಗೆ ಹೆದರದ್ದು. ಎಣ್ಣೆ ಕುಡಿದ ಸಿಂಟರ್ಡ್ ಕಂಚಿನ ಬುಷ್‌ನಲ್ಲಿ 3000 ಆರ್‌ಪಿಎಂ ತನಕ 12 ಮಿ.ಮೀ. ಕಡ್ಡಿ ಹಾಯಾಗಿ ತಿರುಗುತ್ತದೆ. ಆದರೆ ಹಿಂದುಮುಂದಿನ ಒತ್ತಡ ತಡೆಯಲು ಬೇರೆ ಥ್ರಸ್ಟ್ ವಾಷರ್ ಬೇಕು, ನೂರನೇ ಒಂದು ಮಿ.ಮೀ.ನಷ್ಟು ಸಡಿಲ ಇರಲೇಬೇಕು, ಆ ಸಡಿಲ ಬಿಟ್‌ನ ತುದಿಯಲ್ಲಿ ಕಾಣುತ್ತದೆ. ವೇಗ ಏರಿದಂತೆ ಬಿಸಿ ಏರುತ್ತದೆ. ಟೇಪರ್ ರೋಲರ್ ಬೇರಿಂಗ್ ಬಂಡೆಯಂಥದ್ದು. ಸ್ಪಿಂಡಲ್‌ನಲ್ಲಿ ಮಿಲ್ಲಿಂಗೂ ಮಾಡುವ ಉದ್ದೇಶವಿದ್ದು ವೇಗ 3000 ಮೀರದಿದ್ದರೆ ಅದೇ ಒಳ್ಳೆಯದು. ಚಿಕ್ಕ ಬಿಟ್‌ಗಳ ವೇಗಕ್ಕೆ ಅದು ಬೆವರುತ್ತದೆ.

ಉಳಿದದ್ದು ಸಾಮಾನ್ಯ ಬಾಲ್ ಬೇರಿಂಗ್ ಮತ್ತು ಆಂಗ್ಯುಲರ್ ಕಾಂಟ್ಯಾಕ್ಟ್ (ಉದ್ದುದ್ದದ ಒತ್ತಡ ಹೊರಲೆಂದೇ ಮಾಡಿದ ಬಾಲ್ ಬೇರಿಂಗ್). ಡ್ರಿಲ್ಲಿಂಗ್ ಎಂದರೆ ಉದ್ದುದ್ದಕ್ಕೆ ಒತ್ತಡ, ಅದಕ್ಕೆ ಆಂಗ್ಯುಲರ್ ಕಾಂಟ್ಯಾಕ್ಟ್ ಇಲ್ಲದೆ ಆಗದು ಎಂಬುದು ವಾಡಿಕೆಯ ಮಾತು. ಲೆಕ್ಕ ಹಾಕಿದರೆ ಹಾಗೆ ಕಾಣುವುದಿಲ್ಲ. 6001ರ ಸ್ಥಿರ ಭಾರದ ಸಾಮರ್ಥ್ಯ ಸುಮಾರು 2.4 ಕಿಲೋನ್ಯೂಟನ್. ಇಷ್ಟು ಚಿಕ್ಕ ಬೇರಿಂಗ್‌ಗೆ ಅದರ ಕಾಲು ಭಾಗದಷ್ಟು ಉದ್ದುದ್ದದ ಒತ್ತಡ ಕೊಡಬಹುದು, ಅಂದರೆ 600 ನ್ಯೂಟನ್, 60 ಕಿಲೋ ತೂಕ ಕೂತಂತೆ. 4 ಮಿ.ಮೀ. ಬಿಟ್‌ಗೆ ಅದು ಧಾರಾಳ. 6 ಮಿ.ಮೀ. ಬಿಟ್ ಉಕ್ಕಿನಲ್ಲಿ ಒತ್ತಿದರೆ ಆ ಗಡಿ ಮುಟ್ಟುತ್ತದೆ, ಆಗ 20 ಮಿ.ಮೀ. ಕಡ್ಡಿ ಮತ್ತು 6004ರ ಯೋಚನೆ ಮಾಡಿ.

ಬಾಲ್ ಬೇರಿಂಗ್‌ನ ನಿಜವಾದ ತೊಡಕು ಅದರೊಳಗಿನ ಸಡಿಲ. ಅದನ್ನು ಒಂದು ವೇವ್ ವಾಷರ್ (ಸ್ಪ್ರಿಂಗಿನಂತೆ ಒತ್ತುವ ಅಲೆಯಾಕಾರದ ಬಿಲ್ಲೆ) ಹಾಕಿ ತೆಗೆಯಬಹುದು, ಆದರೆ ವಾಷರ್ ಎಲ್ಲಿ ಕೂರುತ್ತದೆ ಅನ್ನುವುದರಲ್ಲೇ ಗುಟ್ಟಿದೆ. ಕೊರೆಯುವಾಗ ಬಿಟ್ ಸ್ಪಿಂಡಲನ್ನು ಹಿಂದಕ್ಕೆ ತಳ್ಳುತ್ತದೆ. ಆ ತಳ್ಳು ಸ್ಪ್ರಿಂಗ್ ಮೇಲೆ ಬಿದ್ದರೆ ಸ್ಪಿಂಡಲ್ ಒಳಹೊರಗೆ ಓಡಾಡುತ್ತದೆ, ಆಳ ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಮುಂದಿನ ಬೇರಿಂಗ್‌ನ ಹೊರ ರಿಂಗು ಹೌಸಿಂಗ್‌ನ (ಬೇರಿಂಗ್‌ಗಳು ಕೂರುವ ಹೊರಕವಚ) ಗಟ್ಟಿ ಮೆಟ್ಟಿಲಿಗೆ ಹಿಂದಿನಿಂದ ಆನಿಕೊಂಡಿರಬೇಕು. ಸ್ಪಿಂಡಲ್‌ನ ತಲೆ, ಒಂದು ಸ್ಪೇಸರ್ ರಿಂಗ್ ಮೂಲಕ, ಅದರ ಒಳ ರಿಂಗನ್ನು ಒತ್ತಬೇಕು. ಹಿಂದಿನ ಬೇರಿಂಗ್‌ನ ಹೊರ ರಿಂಗು ಹೌಸಿಂಗ್‌ನಲ್ಲಿ ಜಾರುವಂತಿರಲಿ, ಅದರ ಮತ್ತು ಮೆಟ್ಟಿಲಿನ ನಡುವೆ ವೇವ್ ವಾಷರ್. ಒಳ ರಿಂಗಿನ ಹಿಂದೆ ಸ್ಪಿಂಡಲ್ ಮೇಲೆ ಸೀಳಿದ ಕ್ಲಾಂಪ್ ಕಾಲರ್. ಈಗ ಸ್ಪ್ರಿಂಗ್ ಸ್ಪಿಂಡಲನ್ನು ಹಿಂದಕ್ಕೆ ಎಳೆಯುತ್ತಿದೆ, ಬಿಟ್ ಕೂಡ ಹಿಂದಕ್ಕೇ ತಳ್ಳುತ್ತಿದೆ. ಎರಡೂ ಒಂದೇ ಮೆಟ್ಟಿಲಿಗೆ ಹೋಗಿ ನಿಲ್ಲುತ್ತವೆ.

ಈ ಜೋಡಣೆ ಸೋಲುವುದು ಬಿಟ್ ಇನ್ನೊಂದು ಬದಿಗೆ ತೂರಿ ಹೊರಬರುವ ಗಳಿಗೆಯಲ್ಲಿ. ಹಿತ್ತಾಳೆ ಬಿಟ್ಟನ್ನು ಕಚ್ಚಿ ಮುಂದಕ್ಕೆ ಎಳೆಯುತ್ತದೆ, ಆಗ ತಡೆಯುವುದು ಸ್ಪ್ರಿಂಗ್ ಒಂದೇ. ಹಿತ್ತಾಳೆಗೆಂದೇ ಬೇರೆ ಬಿಟ್‌ಗಳನ್ನು ಇಟ್ಟು, ಅವುಗಳ ಕತ್ತರಿಸುವ ಅಂಚನ್ನು ಎಣ್ಣೆಕಲ್ಲಿನಲ್ಲಿ ತುಸು ಚಪ್ಪಟೆ ಮಾಡಿಕೊಂಡರೆ ಕಚ್ಚುವುದು ನಿಲ್ಲುತ್ತದೆ. ಸ್ಪಿಂಡಲ್‌ನಲ್ಲೇ ಪರಿಹಾರ ಬೇಕೆಂದರೆ ಆಂಗ್ಯುಲರ್ ಕಾಂಟ್ಯಾಕ್ಟ್ ಜೋಡಿಯನ್ನು ಬೆನ್ನಿಗೆ ಬೆನ್ನು ಕೂರಿಸಿ ನಟ್‌ನಿಂದ ಬಿಗಿಯಬೇಕು. 7001ರ ಹೊರ ಅಳತೆ 6001ರದ್ದೇ, 12 x 28 x 8. ಈಗ ಬಾಲ್ ಬೇರಿಂಗ್ ಹಾಕಿ, ಮುಂದೆ ಬೇಕೆನಿಸಿದರೆ ಅದೇ ಹೌಸಿಂಗ್‌ಗೆ ಇವನ್ನು ಹಾಕಬಹುದು. ಸ್ಪಿಂಡಲ್‌ಗೆ ನಟ್‌ನ ತ್ರೆಡ್ ಕೊಯ್ಯುವ ಕೆಲಸವಷ್ಟೇ ಹೆಚ್ಚುವರಿ.

ಕೊಳ್ಳುವಾಗ ಸಿ3 ಎಂದು ಬರೆದಿರುವ ಬೇರಿಂಗ್ ಬೇಡ, ಅದರಲ್ಲಿ ಸಡಿಲ ಹೆಚ್ಚು. ಉಜ್ಜುವ ರಬ್ಬರ್ ಸೀಲ್ ಇದ್ದರೆ ವೇಗದ ಮಿತಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ಆದರೂ ನಮ್ಮ ವೇಗಕ್ಕೆ ಸಾಕು. ಲೋಹದ ಪುಡಿಯ ನಡುವೆ ಬದುಕಬೇಕಾದ ಬೇರಿಂಗ್‌ಗೆ ನಾನು ರಬ್ಬರನ್ನೇ ಆರಿಸುವೆ. ಬೇರಿಂಗ್‌ಗಳ ನಡುವೆ 40ರಿಂದ 50 ಮಿ.ಮೀ. ಅಂತರವಿರಲಿ.

ಮೋಟಾರ್ ಮತ್ತು ಬೆಲ್ಟ್

ಹೊಲಿಗೆ ಯಂತ್ರದ ಮೋಟಾರ್ ಹಳಬರ ಮೆಚ್ಚಿನದು. ಭಾರ ಬಿದ್ದರೆ ಸೊರಗುತ್ತದೆ, ಭಾರ ಇಳಿದರೆ ಹುಚ್ಚೆದ್ದು ಓಡುತ್ತದೆ. ಜೊತೆಗೆ ಮನೆಯ ವಿದ್ಯುತ್ ನೇರವಾಗಿ ಎಣ್ಣೆ, ಕೂಲೆಂಟ್, ಲೋಹದ ಚೂರುಗಳ ನಡುವೆ. ನನಗೆ ಸಮಾಧಾನವಿಲ್ಲ.

24 ವೋಲ್ಟ್‌ನ ಬ್ರಷ್ ಡಿಸಿ ಮೋಟಾರ್, 775 ಎಂದು ಕರೆಯುವ 42 ಮಿ.ಮೀ. ವ್ಯಾಸದ ಜಾತಿ, ಸರಳ ಮತ್ತು ಕ್ಷಮಾಗುಣದ್ದು. ವೇಗ ಹೊಂದಿಸಲು ಒಂದು ಪಿಡಬ್ಲ್ಯುಎಂ ಕಂಟ್ರೋಲರ್, ಒಂದು ಫ್ಯೂಸ್, ಮುಗಿಯಿತು. ಗಾಳಿಯ ಕಿಂಡಿಗಳಿಗೆ ಮಾತ್ರ ಒಂದು ಹೊದಿಕೆ ಮಾಡಿ.

ಆಟಿಕೆ ವಿಮಾನಗಳ ಬ್ರಷ್‌ಲೆಸ್ ಮೋಟಾರ್ ಅಷ್ಟೇ ಗಾತ್ರದಲ್ಲಿ ಹಲವು ಪಟ್ಟು ಶಕ್ತಿ ಕೊಡುತ್ತದೆ. ಅದರ ಕೆವಿ ಸಂಖ್ಯೆಯನ್ನು ವೋಲ್ಟೇಜಿನಿಂದ ಗುಣಿಸಿದರೆ ಖಾಲಿ ಓಟದ ವೇಗ; 500 ಕೆವಿ, 24 ವೋಲ್ಟ್ ಎಂದರೆ 12,000. ಸೆನ್ಸರ್ ಇಲ್ಲದ್ದು ಭಾರ ಹೊತ್ತು ಹೊರಡಲಾರದು ಅನ್ನುವ ದೂರು ನಮಗೆ ಲಾಗೂ ಆಗುವುದಿಲ್ಲ, ಬೈರಿಗೆ ಹೊರಡುವುದೇ ಖಾಲಿಯಾಗಿ. ನಾನು ಪಾಠ ಕಲಿತದ್ದು ಬೇರೆ ಕಾರಣಕ್ಕೆ. ಹೊರಮೈ ತಿರುಗುವ ಆ ಮೋಟಾರ್ ತೆರೆದ ಮೈಯದ್ದು, ಒಳಗೆಲ್ಲ ಅಯಸ್ಕಾಂತ. ಎರಡನೇ ವಾರಕ್ಕೆ ಉಕ್ಕಿನ ಚೂರುಗಳನ್ನೆಲ್ಲ ಹೀರಿಕೊಂಡು ಕರಕರ ಅಂದು ನಿಂತಿತು. ಉಕ್ಕು ಕೊರೆಯುವವರು ಅದನ್ನು ಪೂರ್ತಿ ಮುಚ್ಚಲಾಗದಿದ್ದರೆ ಬ್ರಷ್ ಮೋಟಾರಿಗೇ ಹೋಗಲಿ.

ಬೆಲ್ಟ್‌ಗೆ ನನ್ನ ಆಯ್ಕೆ ಗುಂಡನೆಯ ಪಾಲಿಯುರೆಥೇನ್ ಬೆಲ್ಟ್. ಬಿಸಿ ಬ್ಲೇಡಿಗೆ ಎರಡೂ ತುದಿ ತಾಗಿಸಿ ಒತ್ತಿದರೆ ಬೇಕಾದ ಉದ್ದಕ್ಕೆ ಬೆಸುಗೆಯಾಗುತ್ತದೆ. ಬಿಟ್ ಸಿಕ್ಕಿಕೊಂಡರೆ ಬೆಲ್ಟ್ ಜಾರುತ್ತದೆ, ಬಿಟ್ ಉಳಿಯುತ್ತದೆ. ಟೈಮಿಂಗ್ ಬೆಲ್ಟ್ ಜಾರದು, ಅದು 6 ಮಿ.ಮೀ. ತೂತಿನವರಿಗೆ.

ಕೂರಿಸುವುದು ಎಲ್ಲಿ, ಒತ್ತುವುದು ಹೇಗೆ

ಟೂಲ್‌ಪೋಸ್ಟ್‌ನಲ್ಲಿ ಹಿಡಿಸಿದರೆ ಹಾಕಿ ತೆಗೆಯುವುದು ಸಲೀಸು, ಮುಖದ ತೂತಿನಿಂದ ಅಡ್ಡ ತೂತಿಗೆ ತಿರುಗಿಸುವುದೂ ಸಲೀಸು. ಆದರೆ ಕಾಂಪೌಂಡ್‌ನ ಅಲುಗಾಟವೆಲ್ಲ ಬಿಟ್‌ಗೆ ಸೇರುತ್ತದೆ, ಎತ್ತರವನ್ನು ಪ್ರತಿ ಸಲ ಹೊಂದಿಸಬೇಕು. ಎತ್ತರದ ತಪ್ಪು ಚಿಕ್ಕ ಶಾಫ್ಟ್‌ನಲ್ಲಿ ಜೋರಾಗಿ ಕಾಣುತ್ತದೆ. 12 ಮಿ.ಮೀ. ಕಡ್ಡಿಯಲ್ಲಿ 0.2 ಮಿ.ಮೀ. ಮೇಲೆಕೆಳಗಾದರೆ ಬಿಟ್ ಮುಟ್ಟುವ ಜಾಗದ ಓರೆ 2 ಡಿಗ್ರಿ ಕೂಡ ಇಲ್ಲ. 3 ಮಿ.ಮೀ. ಕಡ್ಡಿಯಲ್ಲಿ ಅದೇ ತಪ್ಪು 7 ಡಿಗ್ರಿ ದಾಟುತ್ತದೆ, ಬಿಟ್ ಜಾರಿ ಪಕ್ಕಕ್ಕೆ ಹೋಗುತ್ತದೆ.

ಕಾಂಪೌಂಡ್ ತೆಗೆದು ನೇರ ಕ್ರಾಸ್ ಸ್ಲೈಡ್ ಮೇಲೆ ಬೋಲ್ಟ್ ಮಾಡುವ ಹೌಸಿಂಗ್‌ನಲ್ಲಿ ಈ ತಲೆನೋವನ್ನು ಹುಟ್ಟುವಾಗಲೇ ಕಳೆಯಬಹುದು. ಹೌಸಿಂಗ್ ಆಗಬೇಕಾದ ಲೋಹದ ಗಟ್ಟಿಯನ್ನು ಕ್ರಾಸ್ ಸ್ಲೈಡ್‌ಗೆ ಬಿಗಿದು, ಲೇತಿನ ಎರಡು ಸೆಂಟರ್‌ಗಳ ನಡುವೆ ಬೋರಿಂಗ್ ಬಾರ್ ತಿರುಗಿಸಿ ಬೇರಿಂಗ್ ಗೂಡನ್ನು ಕೊರೆಯಿರಿ. ಆ ತೂತು ಅದೇ ಲೇತಿನ ಸೆಂಟರ್ ಎತ್ತರದಲ್ಲೇ ಹುಟ್ಟುತ್ತದೆ, ಅಳೆಯುವ ಪ್ರಶ್ನೆಯೇ ಇಲ್ಲ. ಆಮೇಲೆ ತಳವನ್ನು ಅಲ್ಲೇ 90 ಡಿಗ್ರಿ ತಿರುಗಿಸಿದರೆ ಅಡ್ಡ ತೂತಿಗೆ ಸಿದ್ಧ. ಇದೊಂದೇ ಕಾರಣಕ್ಕೆ ನಾನು ಎರಡನೆಯ ದಾರಿಯ ಪರ.

ಇನ್ನು ಒತ್ತುವುದು. ಕ್ರಾಸ್ ಸ್ಲೈಡ್‌ನ ಸ್ಕ್ರೂ ಆಳವನ್ನು ಕರಾರುವಾಕ್ಕಾಗಿ ಕೊಡುತ್ತದೆ, ಆದರೆ ಕೈಗೆ ಏನನ್ನೂ ಹೇಳುವುದಿಲ್ಲ. 1.5 ಮಿ.ಮೀ.ಗಿಂತ ಚಿಕ್ಕ ಬಿಟ್ ಮುರಿಯುವ ಮೊದಲು ಕೈಗೆ ಒಂದು ಸೂಚನೆ ಕೊಡುತ್ತದೆ, ಸ್ಕ್ರೂ ಅದನ್ನು ನುಂಗಿಬಿಡುತ್ತದೆ. ಜಾರುವ ಕ್ವಿಲ್ (ಸ್ಪಿಂಡಲನ್ನು ಹೊತ್ತು ಹಿಂದೆಮುಂದೆ ಸರಿಯುವ ಕೊಳವೆ) ಮತ್ತು ಲಿವರ್ ಇರುವ ಸ್ಪಿಂಡಲ್ ಆ ಸ್ಪರ್ಶ ಕೊಡುತ್ತದೆ ನಿಜ, ಆದರೆ ಕ್ವಿಲ್ ಸಡಿಲವಿಲ್ಲದಂತೆ ಜಾರಬೇಕು, ಮೋಟಾರೂ ಅದರ ಜೊತೆ ಚಲಿಸಬೇಕು; ಕೆಲಸ ದುಪ್ಪಟ್ಟು. ಅಡ್ಡ ತೂತಿಗೆ ಇದಕ್ಕಿಂತ ಹಗುರ ದಾರಿ ಒಂದಿದೆ: ಕ್ರಾಸ್ ಸ್ಲೈಡ್‌ನ ಸ್ಕ್ರೂವನ್ನು ತಾತ್ಕಾಲಿಕವಾಗಿ ಬಿಚ್ಚಿ, ಸ್ಲೈಡನ್ನೇ ಒಂದು ಲಿವರ್‌ನಿಂದ ತಳ್ಳುವುದು. ಸ್ಪಿಂಡಲ್ ಸರಳವಾಗಿಯೇ ಉಳಿಯುತ್ತದೆ. ಸ್ಕ್ರೂನಲ್ಲೇ ಕೊರೆಯುವವರು ಡಯಲ್ ವ್ಯಾಸ ತೋರಿಸುತ್ತದೆಯೋ ತ್ರಿಜ್ಯವೋ ನೋಡಿಕೊಳ್ಳಿ. ವ್ಯಾಸದ ಡಯಲ್ 10 ಅಂದರೆ ಬಿಟ್ ಹೋದದ್ದು 5.

ಗುಂಡು ಮೈಮೇಲೆ ನೇರವಾಗಿ ಉದ್ದ ಬಿಟ್ ಇಡಬೇಡಿ. ಸೆಂಟರ್ ಡ್ರಿಲ್‌ನಿಂದ ಒಂದು ಗುಳಿ ಮೊದಲು.

ಚಕ್ ಹಿಡಿದು ನಿಲ್ಲಿಸುವುದು

ಲೇತ್ ಸ್ಪಿಂಡಲ್‌ನ ಹಿಂಬದಿಗೆ 60 ಹಲ್ಲಿನ ಚೇಂಜ್ ಗೇರ್ (ತ್ರೆಡ್ ಕೊಯ್ಯಲು ಬದಲಿಸಿ ಹಾಕುವ ಗೇರ್) ಸಿಕ್ಕಿಸಿ, ಹಲ್ಲುಗಳ ನಡುವೆ ಕೂರುವ ಮೊನಚು ಪ್ಲಂಜರ್ ಮಾಡಿದರೆ ಸುತ್ತನ್ನು 2, 3, 4, 5, 6, 10, 12 ಸಮಭಾಗ ಮಾಡಿ ನಿಲ್ಲಿಸಬಹುದು. 7 ಬೇಕಾದರೆ 35 ಅಥವಾ 42 ಹಲ್ಲಿನದ್ದನ್ನು ಹುಡುಕಿ. ಸುತ್ತನ್ನು ಭಾಗಿಸಲೆಂದೇ ಇರುವ ಡಿವೈಡಿಂಗ್ ಹೆಡ್‌ನಂಥ ದೊಡ್ಡ ಏರ್ಪಾಡು ಇಲ್ಲಿಗೆ ಬೇಡ. ಪ್ಲಂಜರ್ ಜಾಗ ತೋರಿಸಲಿಕ್ಕೆ ಮಾತ್ರ, ಒತ್ತಡ ಹೊರಲು ಸ್ಪಿಂಡಲ್‌ಗೆ ಪ್ರತ್ಯೇಕ ಕ್ಲಾಂಪ್ ಇರಲಿ. ಮತ್ತು ಚಿಕ್ಕ ಮೋಟಾರ್‌ಗೆ ಕರೆಂಟ್ ಕೊಡುವ ಸ್ವಿಚ್, ಲೇತಿನ ದೊಡ್ಡ ಮೋಟಾರ್‌ನ ಕರೆಂಟನ್ನು ಕಡಿಯುವಂತೆ ವೈರಿಂಗ್ ಮಾಡಿ. ಪ್ಲಂಜರ್ ಹಾಕಿದ ಲೇತನ್ನು ಮರೆತು ಚಾಲೂ ಮಾಡಿದರೆ ಮುರಿಯುವುದು ಗೇರ್ ಒಂದೇ ಆಗಿರಲಾರದು.

ಕಟ್ಟಿ ಮುಗಿಸಿದ ಮೇಲೆ ಪರೀಕ್ಷೆಗೆ ಒಂದು ಚೂರು ಅಲ್ಯೂಮಿನಿಯಂ ಫ್ಲೇಂಜ್ ಹಿಡಿಸಿ, 50 ಮಿ.ಮೀ. ವ್ಯಾಸದ ವೃತ್ತದ ಮೇಲೆ ಆರು ತೂತು ಕೊರೆಯಿರಿ. ತೂತುಗಳಿಗೆ ಬಿಗಿಯಾಗಿ ಹೊಂದುವ ಪಿನ್ ಹಾಕಿ ಅಕ್ಕಪಕ್ಕದ ಅಂತರ ಅಳೆಯಿರಿ, ಸೆಂಟರ್‌ನಿಂದ ಸೆಂಟರ್‌ಗೆ 25 ಬರಬೇಕು. ಆರೂ ಸಮನಾಗಿದ್ದು 25ಕ್ಕಿಂತ ತುಸು ಹೆಚ್ಚುಕಡಿಮೆ ಇದ್ದರೆ ತಪ್ಪಿದ್ದು ವೃತ್ತದ ಅಳತೆ, ಗೇರಿನ ತಪ್ಪಲ್ಲ. ಐದು ಸಮನಾಗಿದ್ದು, ಆರನೆಯದಕ್ಕೂ ಒಂದನೆಯದಕ್ಕೂ ನಡುವಿನ ಅಂತರ ಮಾತ್ರ ಬೇರೆ ಬಂದರೆ ಗೇರ್ ಸ್ಪಿಂಡಲ್ ಮೇಲೆ ಜಾರುತ್ತಿದೆ, ಅದರ ಕೀಲಿ ನೋಡಿ.